ಹೂವಿನ ಅಪ್ಪಣೆ

ಒದ್ದೆ ಸೇವಂತಿಗೆಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನಗೆ ಭಕ್ತಿ ಬರುವುದಿಲ್ಲ, ಸಿಟ್ಟು ಬರುತ್ತದೆ. ನಿಡುಗಲ್ಲಿನ ನಮ್ಮ ಮನೆಯ ತುಂಬ ಅದೇ ವಾಸನೆ. ತಾತ ಬೆಟ್ಟದ ಬುಡದ ಈಶ್ವರನ ಗುಡಿಯ ಪೂಜಾರಿ. ಹೂ ಬಿಡಿಸಿ ನೀರು ಚಿಮುಕಿಸಿಡುವುದು, ಸಂಜೆ ಗುಡಿ ಗುಡಿಸುವುದು ಅಪ್ಪನ ತಂಗಿ ಗಿರಿಜತ್ತೆಯ ಪಾಲು. ಏನೇ ನಡೆಯಬೇಕಾದರೂ ಮೊದಲು ಅಪ್ಪಣೆ ಕೇಳಬೇಕು. ಲಿಂಗದ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂ ಅಂಟಿಸಿ ಎಲ್ಲರೂ ಕೈಮುಗಿದು ಕಾಯುವುದು. ಬಲದ್ದು ಮೊದಲು ಬಿದ್ದರೆ ಹೂಂ, ಎಡದ್ದು ಬಿದ್ದರೆ ಊಹೂಂ. ಅಪ್ಪಣೆಯೆಂದರೆ ಆಜ್ಞೆ, ಅನುಮತಿ ಎನ್ನುತ್ತದೆ ನಿಘಂಟು. ನಮ್ಮ ಮನೆಯಲ್ಲಿ ಅದಕ್ಕಿದ್ದ ಅರ್ಥ ಒಂದೇ: ಬಾಯಿ ಮುಚ್ಚು.

ಯಾರ ಬಾಯಿ ಎನ್ನುವುದೇ ನನ್ನ ತಕರಾರು. ದೊಡ್ಡಪ್ಪ ಬೋರ್‌ವೆಲ್ ಕೊರೆಸಲು ಕೇಳಿದಾಗ ಎಡದ ಹೂ ಬಿತ್ತು. "ಸ್ವಾಮಿ ಇನ್ನೂ ನಿದ್ದೆಗಣ್ಣಲ್ಲವ್ನೆ, ಇನ್ನೊಂದ್ಸಲ ಇಡಪ್ಪಯ್ಯ" ಎಂದು ನಕ್ಕ. ತಾತನೂ ನಗುತ್ತಲೇ ಇಟ್ಟರು. ಬಲಕ್ಕೆ ಬೀಳುವವರೆಗೂ ಇಟ್ಟರು.

ಆಮೇಲೊಂದು ದಿನ ಅತ್ತೆಯ ಸರದಿ. ಮಧುಗಿರಿಯಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು, ಹೋಗಲೋ ಬೇಡವೋ ಎಂದು ತಾತ ಅಪ್ಪಣೆ ಕೇಳಿದರು. ಎಡದ ಹೂ ಜಾರಿತು. ತಾತ ಆಗಲೇ ಮಂಗಳಾರತಿ ತಟ್ಟೆಗೆ ಕೈಹಾಕಿದ್ದರು.

"ಇನ್ನೊಂದ್ಸಲ ಇಡು ತಾತ, ದೊಡ್ಡಪ್ಪಂಗೆ ಇಟ್ಟಿದ್ಯಲ್ಲ!" ಎಂದೆ.

"ಊರ್ಕೋವೇ!" ತಾತನಿಗೆ ಸಿಟ್ಟು ಬಂದರೆ ‘ಸುಮ್ಮನಿರೇ’ ಎಂದು ಗದರುವುದೂ ತೆಲುಗಿನಲ್ಲಿ. "ಅಪ್ಪಣೆ ಆಗೋಯ್ತು. ದೇವ್ರಿಗೇ ಎದುರು ಮಾತಾ?"

ದೇವರಿಗಲ್ಲ ತಾತ, ನಿನಗೆ. ಆಮೇಲೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ವಾದ ಗೆದ್ದೆ, ಆ ಒಂದಕ್ಕೆ ಮಾತ್ರ ಎದುರಾಳಿ ಸಿಗಲಿಲ್ಲ. ಗಂಡಸರ ಕೆಲಸಕ್ಕಾದರೆ ದೇವರಿಗೆ ನಿದ್ದೆ, ಹುಡುಗಿಯ ಓದಿಗಾದರೆ ಪೂರ್ತಿ ಎಚ್ಚರ! ಆ ವರ್ಷವೇ ಅತ್ತೆಯನ್ನು ತಾವರೆಕೆರೆಗೆ ಮದುವೆ ಮಾಡಿ ಕಳಿಸಿದರು.

ಮೊನ್ನೆ ಅಲ್ಲಿಗೆ ಹೋಗಿದ್ದೆ. ಅತ್ತೆ ಜಗಲಿಯಲ್ಲಿ ಸೇವಂತಿಗೆ ರಾಶಿ ಹಾಕಿಕೊಂಡು ಕೂತಿದ್ದಳು. ಆ ಅಪ್ಪಣೆಯ ಮೇಲಿದ್ದ ನನ್ನ ಸಿಟ್ಟೆಲ್ಲ ಕಾರಿದೆ.

"ಅವತ್ತು ಸಂಜೆ ಕಸ ಗುಡ್ಸೋಕ್ಹೋದ್ನಾ, ಬಲಗಡೇದೂ ಬಿದ್ದಿತ್ತು ಕಣೇ," ಎಂದಳು, ತಲೆಯೆತ್ತದೆ.

"ಯಾರ್ಗೂ ಹೇಳ್ಲಿಲ್ವಾ ಅತ್ತೆ?"

"ಯಾರ್ಗೇಳ್ಲಿ? ಇನ್ನೊಂದ್ಸಲ ಇಡು ಅಂದೋಳು ನೀನೊಬ್ಳೇ. ನೀನಾಗ್ಲೇ ಅತ್ತೂ ಅತ್ತೂ ಮಲ್ಗ್ಬುಟ್ಟಿದ್ದೆ. ಗುಡಿಸ್ಬುಟ್ಟೆ."

ತಾತನಿಲ್ಲ. ನಿಡುಗಲ್ಲಿನ ಮನೆ ಬಿದ್ದು ಜಾಲಿ ಬೆಳೆದಿದೆ. ಅತ್ತೆ ಚೊಂಬಿಗೆ ಕೈಯದ್ದಿ, ಹೂಗಳ ಮೇಲೆ ನೀರು ಚಿಮುಕಿಸಿದಳು.