ಬ್ಯಾಡಗಿಯಲ್ಲಿ ಇಬ್ಬರ ಬುತ್ತಿ

ಮೂರನೆಯ ದಿನ ನಾವು ನಡೆಯಲಿಲ್ಲ. ಡೈರಿಯಲ್ಲಿ ತಾರೀಖಿನ ಕೆಳಗೆ 'ಬ್ಯಾಡಗಿ, ವಿಶ್ರಾಂತಿ' ಎಂದು ಬೆಳಗ್ಗೆಯೇ ಬರೆದಿಟ್ಟಿದ್ದೆ.

ಜೊತೆಗಿದ್ದವರು ಮೇಡ್ಲೇರಿಯ ನನ್ನ ಸೋದರಮಾವ. ತುಂಗಭದ್ರೆಯ ನೀರನ್ನು ಹೊಲಕ್ಕೆ ಹಾಯಿಸುತ್ತಲೇ ಐವತ್ತು ದಾಟಿದ ಅವರು ಸಮುದ್ರ ನೋಡಿರಲಿಲ್ಲ. ಬಸ್ಸಿನಲ್ಲಿ ಹೋದರೆ ಒಂದು ದಿನದ ದಾರಿ. ಆದರೆ ಅವರಿಗೆ ನಡುವೆ ಇರುವುದನ್ನೂ ನೋಡಬೇಕಿತ್ತು. ಎರೆ ನೆಲ ಎಲ್ಲಿ ಕೆಂಪಾಗುತ್ತದೆ, ಜೋಳ ಎಲ್ಲಿ ನಿಂತು ಭತ್ತ ಶುರುವಾಗುತ್ತದೆ, ಜನ ಯಾವ ಊರಿನಲ್ಲಿ ರೊಟ್ಟಿ ಬಿಟ್ಟು ಅನ್ನಕ್ಕೆ ತಿರುಗುತ್ತಾರೆ. ರಾಣೇಬೆನ್ನೂರು, ಬ್ಯಾಡಗಿ, ಹಾನಗಲ್ಲು, ಶಿರಸಿ, ಆಮೇಲೆ ಘಟ್ಟ ಇಳಿದು ಕುಮಟಾ. ನಡುದಾರಿಯಲ್ಲಿ ಬಸ್ಸು ಹತ್ತುವ ಪ್ರಸಂಗ ಬಂದರೆ ಅದು ಮೇಡ್ಲೇರಿಗೆ ಹೋಗುವ ಬಸ್ಸೇ ಎಂದು ಹೊರಡುವಾಗಲೇ ಹೇಳಿದ್ದರು. ನನ್ನ ರಜೆಯಲ್ಲಿ ನಡಿಗೆಯ ದಿನಗಳನ್ನು ಕಳೆದರೆ ಉಳಿಯುತ್ತಿದ್ದದ್ದು ಎರಡೇ ದಿನ.

ಮೆಣಸಿನಕಾಯಿ ಸುಗ್ಗಿಯಾದ್ದರಿಂದ ಲಾಡ್ಜುಗಳೆಲ್ಲ ತುಂಬಿದ್ದವು. ಹಿಂದಿನ ರಾತ್ರಿ ಊಟಕ್ಕೆ ಹೋದ ಖಾನಾವಳಿಯ ಅಕ್ಕ, ಜೋಳದ ಚೀಲಗಳಿದ್ದ ಮೇಲಿನ ಕೋಣೆಯನ್ನು ಕೊಟ್ಟರು. ಕೊಡುವ ಮುಂಚೆ ವಿಚಾರಣೆ ನಡೆಯಿತು.

"ಯಾವ ದೇವರಿಗೆ ಹೊಂಟೀರಿ?"

"ಯಾವ ದೇವರಿಗೂ ಅಲ್ರಿ ಅಕ್ಕಾರ" ಅಂದರು ಮಾವ.

"ಕದರಮಂಡಲಗಿ ಹನಮಪ್ಪಗ ಹೊಂಟಿದ್ರ, ಅದು ಹಿಂದ ಉಳೀತು ನೋಡ್ರಿ."

"ಕೈ ಮುಗದ ಬಂದೇವಿ. ಈಗ ಸಮುದ್ರ ನೋಡಾಕ ಹೊಂಟೇವಿ."

"ಬಸ್ಸಿನ್ಯಾಗ ಹೋದ್ರ ಸಮುದ್ರ ಓಡಿ ಹೋಗತೈತೇನ?"

ವಿಶ್ರಾಂತಿಗೆ ಕಾರಣ ಮಾವನ ಹಿಮ್ಮಡಿ. ಈ ನಡಿಗೆಗೆಂದೇ ಕೊಂಡ ಬೂಟು ಎರಡೂ ಕಾಲಿಗೆ ಕಚ್ಚಿ, ಗುಳ್ಳೆ ಎದ್ದು ಒಡೆದಿದ್ದವು. ಜೊತೆಗೆ ಮುಂದಿನ ದಾರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬೇಕಿತ್ತು. ರೊಟ್ಟಿ ಬಡಿದು ಆರಲು ಹೊತ್ತು ಬೇಕು, ಎಷ್ಟು ಮಂದಿಗೆ ಅನ್ನುವುದನ್ನು ಮೊದಲೇ ಹೇಳಬೇಕು ಎಂದಿದ್ದರು ಅಕ್ಕ.

ನಾನು ಬಟ್ಟೆ ಒಗೆದು ಹಿಂಡುವಷ್ಟರಲ್ಲಿ ಮಾವ ಮಾಯ. ಮಧ್ಯಾಹ್ನ ಬಂದಾಗ ಅಂಗಳದಿಂದಲೇ ಚೀರುತ್ತಿದ್ದರು. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಮಾರುಕಟ್ಟೆಗೆ ಹೋಗಿ, ಗುಡ್ಡೆ ಗುಡ್ಡೆ ಮೆಣಸಿನಕಾಯಿಯ ನಡುವೆ ತಿರುಗಾಡಿ, ತೊಟ್ಟು ಮುರಿಯುವ ಹೆಂಗಸರನ್ನು ಮಾತಾಡಿಸಿ ಬಂದಿದ್ದರು. ಕಾಯಿಯ ಪುಡಿ ಒಡೆದ ಗುಳ್ಳೆಗಳಿಗೆ ಇಳಿದಿತ್ತು. ನಾನು ತಡೆಯುವ ಮುಂಚೆಯೇ ಎರಡೂ ಕಾಲನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರು. ಚೀರಾಟ ಇಮ್ಮಡಿಯಾಯಿತು.

"ಬ್ಯಾಡಗಿ ಕಾಯಿಗೆ ಖಾರ ಇಲ್ಲ ಅಂತಾರಲ್ರಿ!"

"ಬಾಯಿಗೆ ಕಡಿಮಿರಿ ಅಣ್ಣಾರ, ಗಾಯಕ್ಕಲ್ಲ. ಕಾಲ ತಗೀರಿ ಮೊದಲ" ಅನ್ನುತ್ತ ಅಕ್ಕ ಶೇಂಗಾ ಎಣ್ಣೆ ತಂದರು. ತೊಟ್ಟು ಮುರಿಯಲು ಕೂರುವ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳುವುದು ಇಲ್ಲಿ ರೂಢಿಯಂತೆ. ಎಣ್ಣೆ ಹಚ್ಚಿ ಅರಿವೆಯಿಂದ ಒರೆಸಿ, ಮೇಲೆ ತಣ್ಣನೆಯ ಮಜ್ಜಿಗೆ ಸುರಿದರು. ಮಾವ ಉಸಿರು ಬಿಟ್ಟು ಕೇಳಿದ ಮೊದಲ ಮಾತು, "ಬಣ್ಣ ಇಷ್ಟ ಐತಿ, ಬಾಯಿಗೆ ಖಾರ ಯಾಕ ಕಡಿಮಿ?"

"ಅದನ್ನ ಆಮ್ಯಾಲ ಕೇಳ್ರಿ. ರೊಟ್ಟಿ ಎಷ್ಟ ಮಂದಿಗೆ, ಅದನ್ನ ಹೇಳ್ರಿ."

"ಇಬ್ಬರಿಗೆ" ಅಂದರು ಮಾವ. ನಾನು ಅವರ ಹಿಮ್ಮಡಿ ನೋಡಿದೆ. ಅಕ್ಕ ಇಬ್ಬರ ಮುಖವನ್ನೂ ನೋಡಿದರು.

"ಸಂಜೀಕ ಗಿರಣಿಗೆ ಜ್ವಾಳ ಒಯ್ಯೂದೈತಿ. ನೀವ ಒಯ್ದು ಬೀಸಿಕೊಂಡ ಬರ್ರಿ. ಕುಂಟದ ಬಂದ್ರ ಇಬ್ಬರಿಗೆ ಬಡೀತೇನಿ. ಕುಂಟಿದ್ರ ಈ ತಮ್ಮಗ ಅಷ್ಟ, ನೀವ ಊರಿನ ಬಸ್ ಹತ್ರಿ."

ಸಂಜೆ ಮಾವ ಜೋಳದ ಚೀಲವನ್ನು ಹೆಗಲಿಗೇರಿಸಿ ಹೊರಟರು. ನನ್ನನ್ನು ಬರಬೇಡ ಎಂದರು. ಮೇಲಿನ ಕಿಟಕಿಯಿಂದ ಗಿರಣಿಯವರೆಗೆ ಬೀದಿ ಕಾಣುತ್ತಿತ್ತು. ಹೋಗುವಾಗ ಹಿಮ್ಮಡಿ ಊರದೆ ಬೆರಳ ಮೇಲೆ ನಡೆದರು. ಬರುವಾಗಲೂ ಹಾಗೆಯೇ ಬಂದವರು ಪಾನ್ ಅಂಗಡಿಯ ಮುಂದೆ ನಿಂತು, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿ, ಅಲ್ಲಿಂದ ಬಾಗಿಲವರೆಗೆ ಮದುಮಗನಂತೆ ನೆಟ್ಟಗೆ ನಡೆದು ಬಂದರು.

ಅಕ್ಕ ಅವರನ್ನು ಏನೂ ಕೇಳಲಿಲ್ಲ. ಮೆಟ್ಟಿಲು ಇಳಿಯುತ್ತಿದ್ದ ನನ್ನನ್ನು ಕೇಳಿದರು: "ತಮ್ಮಾ, ಮ್ಯಾಲಿಂದ ಕಂಡಿರಬೇಕಲ್ಲ. ಕುಂಟಿದ್ರೇನ?"

ಮಾವ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ಆದರೆ ಮುಂದೆ ಘಟ್ಟವಿತ್ತು.

"ಪಾನ್ ಅಂಗಡಿ ತನಕ ಕುಂಟಿದ್ರು ಅಕ್ಕಾರ. ಆದ್ರ ಚೀಲ ಕೆಳಗ ಇಳಿಸಲಿಲ್ಲ."

"ಅಳಿಯಾ, ನೀ ನನ್ನ ಕಡ್ಯಾಂವೋ, ಆಕಿ ಕಡ್ಯಾಂವೋ?"

ಅಕ್ಕ ನಗುತ್ತ ಚೀಲ ಬಿಚ್ಚಿ ಬೆರಳಿಗೆ ಹಿಟ್ಟು ತಾಗಿಸಿ ನೋಡಿದರು. "ನುಣ್ಣಗ ಬೀಸಿಸ್ಯಾರ. ಕುಂಟಿದ್ರೂ ಅರ್ಧ ದಾರ್ಯಾಗ ಚೀಲ ಇಳಿಸಲಿಲ್ಲಲ್ಲ. ನಾಳೆ ಒಂದಿನ ಕಾಲ ಚಾಚಿ ಕುಂದ್ರಿ, ಮಾರ್ಕೆಟ್ಟಿನ ಕಡೆ ಹಾಯಬ್ಯಾಡ್ರಿ. ಆ ಬೂಟ ಬಿಡ್ರಿ, ಹಿಮ್ಮಡಿ ತೆರದಿರೂ ಚಪ್ಪಲಿ ತಗೋರಿ. ಇಬ್ಬರಿಗೆ ಬಡೀತೇನಿ."

ಅಲ್ಲಿಗೆ ಕೈಯಲ್ಲಿದ್ದ ಎರಡನೆಯ ದಿನವೂ ಹೋಯಿತು. ಇನ್ನು ಸಮುದ್ರದವರೆಗೆ ಎಲ್ಲೂ ತಂಗುವಂತಿಲ್ಲ ಎಂದು ಮಾವನಿಗೆ ಹೇಳಿದೆ. "ಇದನ್ನ ಆಕೀ ಮುಂದ ಹೇಳಬ್ಯಾಡ" ಅಂದರು.

ಐದನೆಯ ದಿನ ಹೊತ್ತು ಮೂಡುವಾಗ ಹೊರಟೆವು. ಅಕ್ಕ ರೊಟ್ಟಿಯ ಗಂಟನ್ನು ಮಾವನ ಬೆನ್ನಿಗೇ ಕಟ್ಟಿದರು. ಹೊಸ ಚಪ್ಪಲಿಯ ಸಪ್ಪಳ ಒಂದೇ ಲಯದಲ್ಲಿ ಹೋಗುತ್ತಿದೆಯೇ ಎಂದು ಹಿಂದಿನಿಂದ ಕಿವಿಗೊಟ್ಟು ನಡೆದೆ. ಪಾನ್ ಅಂಗಡಿ ಬಂದಾಗ ಮಾವ ತಿರುಗಿ ನೋಡಿದರು.

"ಇಲ್ಲಿಂದ ನೋಡಕೋತ ಬಾ ಸಾಕ್ಷಿದಾರ. ಸುಳ್ಳ ಹೇಳಿದ್ರ ರೊಟ್ಟಿ ಕೊಡಾಂಗಿಲ್ಲ."