ಭಾವನ ಟ್ರೆಬಲ್ ನಾಬ್

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಹಾಗಂತ ಅವನ ಕಿವಿಯೇನೂ ದೊಡ್ಡದಲ್ಲ. ಯಾರದೋ ಮನೆಯಲ್ಲಿ ಸ್ಟೀರಿಯೊ ಹಾಡುತ್ತಿದ್ದರೆ ಸಾಕು, ಬಾಗಿಲಲ್ಲೇ ನಿಂತು, "ನಿಮ್ಮ ಎಡಗಡೆ ಸ್ಪೀಕರ್ ಕೆಮ್ತಾ ಇದೆ, ನೋಡ್ಕೊಳ್ಳಿ" ಎಂದು ಹೇಳಿ ಹೋಗುವ ಚಾಳಿ ಅವನದು. ಯಾರೂ ಕೇಳಿರುವುದಿಲ್ಲ, ಇವನು ಬಿಡುವುದಿಲ್ಲ. ಅರವತ್ತು ದಾಟಿದ ಮೇಲಂತೂ ಅದು ಇನ್ನೂ ಹೆಚ್ಚಾಗಿತ್ತು.

ಅಂಗಡಿ ಅಂದರೆ ಒಂದು ಮೇಜು, ಒಂದು ಬೆಸುಗೆ ಕಡ್ಡಿ, ಗೋಡೆ ತುಂಬ ಬಿಡಿಭಾಗಗಳ ಡಬ್ಬಿಗಳು. ದೊಡ್ಡ ಸ್ಪೀಕರಿನ ಆಸೆ ಹೊತ್ತು ಯಾರಾದರೂ ಒಳಗೆ ಬಂದರೆ ಅವನ ಪಾಠ ಶುರು.

"ಸ್ಪೀಕರ್ ವಿಷ್ಯ ಆಮೇಲೆ. ರೆಕಾರ್ಡಿನ ಸೂಜಿಯಿಂದ ಬರೋದು ಬರೀ ಪಿಸುಮಾತು. ಅದನ್ನ ಮೊದಲು ಕೇಳಿಸ್ಕೊಳ್ಳೋದು ಪ್ರಿಆಂಪ್. ಅದೇ ತಪ್ಪಾಗಿ ಕೇಳಿಸ್ಕೊಂಡ್ರೆ ಮುಂದಿರೋರೆಲ್ಲ ಆ ತಪ್ಪನ್ನೇ ಕೂಗಿ ಹೇಳ್ತಾರೆ, ಅಷ್ಟೇ."

ಈ ಮಾತನ್ನು ಅವನು ಎಷ್ಟು ಜನರಿಗೆ ಹೇಳಿದ್ದನೋ ಲೆಕ್ಕವಿಲ್ಲ. ತನಗೂ ಒಂದು ದಿನ ಅದು ಬಂದು ತಾಗೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಬಂದಳು. ಎದೆಗವಚಿಕೊಂಡ ಚೀಲದಲ್ಲಿ ಒಂದು ರೆಕಾರ್ಡ್, ಒಂದು ಮರದ ಪೆಟ್ಟಿಗೆ. ಪೆಟ್ಟಿಗೆ ನೋಡುತ್ತಲೇ ಕಿವಿಯಣ್ಣನಿಗೆ ಗುರುತು ಹತ್ತಿತು. ಅವನು ಕೈಯಾರೆ ಮಾಡಿದ ಮೊಟ್ಟಮೊದಲ ಪ್ರಿಆಂಪ್. ಮೂವತ್ತನಾಲ್ಕು ವರ್ಷದ ಹಿಂದೆ ಅಕ್ಕನ ಮದುವೆಗೆ ಕೊಟ್ಟ ಉಡುಗೊರೆ.

"ನಿನ್ ಭಾವ ಹೋದ್ಮೇಲೆ ಇದೂ ಮಂಕಾಗಿದೆ ಕಣೋ. ಹಾಡೋರ ಮುಖಕ್ಕೆ ಕಂಬಳಿ ಹೊದಿಸಿದ ಹಾಗಿರತ್ತೆ. ನನ್ ಕಿವೀನೇ ಹೋಯ್ತೋ ಏನೋ. ಸರಿಹೋಗಲ್ಲ ಅಂದ್ರೆ ಹೇಳ್ಬಿಡು, ರೆಕಾರ್ಡೆಲ್ಲ ಯಾರಿಗಾದ್ರೂ ಕೊಟ್ಬಿಡ್ತೀನಿ. ಹೀಗೆ ಕೇಳೋಕೆ ನನ್ ಕೈಲಾಗಲ್ಲ."

ಭಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು, ತಪ್ಪು ಹುಡುಕಿಯೇ ಹೊಟ್ಟೆ ಹೊರೆದವನು. ಕೆಂಪು ಪೆನ್ಸಿಲನ್ನು ಕಿವಿಯ ಮೇಲಿಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದ. ಈ ಅಂಗಡಿಯ ಬೋರ್ಡಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆಯೆಂದು ತಾನೇ ಏಣಿ ಹತ್ತಿ, ಬೀದಿಯವರೆಲ್ಲ ನೋಡುತ್ತಿರುವಾಗ ತಿದ್ದಿದ ಪುಣ್ಯಾತ್ಮ. ಕಿವಿಯಣ್ಣನಿಗೆ ಅವತ್ತು ಮೈಯೆಲ್ಲ ಉರಿದಿತ್ತು. ಆದರೆ ಮದುವೆಯ ನಂತರ ಈ ಪ್ರಿಆಂಪ್ ಮೊದಲ ಸಲ ಹಾಡಿದಾಗ ಇದೇ ಭಾವ ತಲೆ ಓರೆ ಮಾಡಿ ಕೇಳಿ, "ಚೆನ್ನಾಗ್ ಮಾಡಿದೀಯ ಕಣಯ್ಯ" ಎಂದಿದ್ದ. ಆ ಬಾಯಿಂದ ಹೊಗಳಿಕೆ ಬಂದದ್ದು ಅದೊಂದೇ ಸಲ. ಅದನ್ನು ನಂಬಿಯೇ ಅವನು ಅಂಗಡಿ ತೆರೆದದ್ದು.

ಅಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ ಪೆಟ್ಟಿಗೆ ಬಿಚ್ಚಿದ. ಬೆಸುಗೆಗಳೆಲ್ಲ ಗಟ್ಟಿ. ಸುಟ್ಟದ್ದು, ಸಡಿಲವಾದದ್ದು ಒಂದೂ ಇಲ್ಲ. ಮೇಲಿನ ಸ್ವರಗಳನ್ನು ಏರಿಸುವ ಟ್ರೆಬಲ್ ನಾಬನ್ನು ಬಲಕ್ಕೆ ತಿರುಗಿಸಿದಾಗ ಮಾತ್ರ ಕರಕರ ಎಂದಿತು. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದ. ಒಳಗಿನ ಕಪ್ಪು ಪಟ್ಟಿ ನಡುವಿನಿಂದ ಬಲತುದಿಯವರೆಗೆ ಸವೆದು ಹೋಗಿತ್ತು. ಎಡಗಡೆಯ ಅರ್ಧ ನಿನ್ನೆ ತಂದಂತೆ ಇತ್ತು.

"ಈ ನಾಬ್ ಯಾರು ತಿರುಗಿಸ್ತಿದ್ರು ಅಕ್ಕ?"

"ಅವ್ರೇ. ಬೆಳಿಗ್ಗೆ ನಾನು ಧೂಳು ಒರೆಸಿ, ಗೀಟು ಮೇಲಕ್ಕೆ ಬರೋ ಹಾಗೆ ನೆಟ್ಟಗೆ ಇಡ್ತಿದ್ದೆ. ಸಂಜೆ ಬಂದು ಅದೊಂದನ್ನ ಓರೆ ಮಾಡೋರು. ಇದೇ ನಮಗೆ ದಿನಾ ಜಗಳ. ಈಗ ನೆಟ್ಟಗೇ ಇರತ್ತೆ, ಮುಟ್ಟೋರಿಲ್ಲ."

ಕಿವಿಯಣ್ಣನಿಗೆ ಆ ಸಂಜೆಗಳು ಕಣ್ಣಿಗೆ ಕಟ್ಟಿದವು. ಭಾವ ಬೆರಳಿನ ಮಸಿ ತೊಳೆದು, ರೆಕಾರ್ಡನ್ನು ಅಂಚಿನಲ್ಲಿ ಹಿಡಿದು ಇಟ್ಟು, ಇದರ ಮುಂದೆ ಬಗ್ಗಿ "ಒಂದ್ನಿಮಿಷ" ಎನ್ನುತ್ತಿದ್ದ. ಅಕ್ಕ ಬಟಾಣಿ ಸುಲಿಯುವುದನ್ನು ನಿಲ್ಲಿಸಿ ಕಾಯುತ್ತಿದ್ದಳು. ಆಮೇಲೆ ಹಾಡು ಬರುತ್ತಿತ್ತು, ಎಷ್ಟು ತಿಳಿಯಾಗಿ ಬರುತ್ತಿತ್ತು. ತನ್ನ ಕೈಕೆಲಸ ಎಂದು ಇವನು ಬೀಗುತ್ತ ಕೂತಿರುತ್ತಿದ್ದ.

ಭಾವ ದಿನವೂ ಟ್ರೆಬಲ್ ಏರಿಸಬೇಕಾಗಿದ್ದದ್ದು ಯಾಕೆಂಬ ಅನುಮಾನ ಬಂದು, ಸೂಜಿಯ ತಂತಿ ಬಂದು ಸೇರುವ ಜಾಗವನ್ನೇ ನೋಡಿದ. ಅಲ್ಲಿದ್ದವು ಎರಡು ಪುಟ್ಟ ರೆಸಿಸ್ಟರ್‌ಗಳು, ಮೈಮೇಲಿನ ಬಣ್ಣದ ಪಟ್ಟೆಗಳಿಂದಲೇ ಅವುಗಳ ಅಳತೆ ಗುರುತಿಸಬೇಕು. ಕಿತ್ತಳೆ ಪಟ್ಟೆ ಇರಬೇಕಾದಲ್ಲಿ ಕೆಂಪು ಪಟ್ಟೆ, ಎರಡರಲ್ಲೂ. ಮದುವೆಯ ಗಡಿಬಿಡಿಯಲ್ಲಿ, ಉಗ್ರಾಣದ ಹಳದಿ ಬಲ್ಬಿನ ಕೆಳಗೆ ಕೂತು ಅವನೇ ಬೆಸೆದದ್ದು. ಅವನ ಮೊದಲ ಪ್ರಿಆಂಪ್ ಮೊದಲ ದಿನದಿಂದಲೂ ಪಿಸುಮಾತನ್ನು ತಪ್ಪಾಗಿಯೇ ಕೇಳಿಸಿಕೊಂಡಿತ್ತು, ಮೇಲಿನ ಸ್ವರಗಳನ್ನೆಲ್ಲ ನುಂಗಿಹಾಕಿತ್ತು.

ಸರಿಯಾದ ರೆಸಿಸ್ಟರ್ ಕೈಗೆಟುಕುವ ಡಬ್ಬಿಯಲ್ಲೇ ಇತ್ತು. ಎರಡು ನಿಮಿಷದ ಕೆಲಸ. ಬದಲಾಯಿಸಿ, "ಹಳೇದಾಗಿತ್ತು ಅಕ್ಕ, ಸರಿಮಾಡಿದೆ" ಎಂದರೆ ಮುಗಿಯಿತು. ಕಿವಿಯಣ್ಣ ಎಂಬ ಹೆಸರಿಗೂ ಧಕ್ಕೆಯಿಲ್ಲ. ಡಬ್ಬಿಯ ಮುಚ್ಚಳ ತೆರೆದ. ತೆರೆದವನು ಹಾಗೇ ಕೂತ. ಎಲ್ಲರ ತಪ್ಪಿಗೂ ಕೆಂಪು ಗೀಟು ಹಾಕಿದ ಮನುಷ್ಯ ಇದೊಂದಕ್ಕೆ ಹಾಕಿರಲಿಲ್ಲ. ನಾಚಿಕೆಗಿಂತ ಹೆಚ್ಚಾಗಿ ಅವನಿಗೆ ಭಾವನ ಮೇಲೆ ಪ್ರೀತಿ ಉಕ್ಕಿತು, ಅದನ್ನು ಹೇಳಲು ಭಾವನೇ ಇಲ್ಲವಲ್ಲ ಎಂದು ಸಂಕಟವಾಯಿತು.

"ಅಕ್ಕ, ಇದು ಈಗ ಕೆಟ್ಟಿದ್ದಲ್ಲ. ನಿನ್ ಕಿವಿಗೂ ಏನೂ ಆಗಿಲ್ಲ. ನಾನೇ ಬಣ್ಣ ಸರಿಯಾಗಿ ನೋಡದೆ ತಪ್ಪು ಹಾಕಿದ್ದೆ, ಮೊದಲ ದಿನಾನೇ. ಭಾವಂಗೆ ಗೊತ್ತಾಗಿತ್ತು. ನಾಬ್ ಬಲಕ್ಕೆ ತಿರುಗಿಸಿ ದಿನಾ ಸಂಜೆ ತಿದ್ತಾ ಇದ್ರು."

ಅಕ್ಕ ಬಗ್ಗಿ, ಬಿಚ್ಚಿಟ್ಟ ನಾಬನ್ನು ಬೆರಳಿಂದ ಸವರಿದಳು.

"ನಂಗೂ ಹೇಳ್ಲಿಲ್ವಲ್ಲೋ," ಎಂದಳು.

"ಹೇಳಿದ್ರೆ ನೀನು ನನ್ನ ಗೋಳು ಹುಯ್ಕೋತೀಯ ಅಂತ ಇರ್ಬೇಕು. ಇರು, ಈಗ ಸರಿಮಾಡ್ಕೊಡ್ತೀನಿ. ಆಮೇಲೆ ನಾಬ್ ಮುಟ್ಟೋದೇ ಬೇಡ."

ಬೆಸುಗೆ ಕಡ್ಡಿಗೆ ಕೈ ಹಾಕಿದ. ಅಕ್ಕ ಆ ಕೈ ಹಿಡಿದುಕೊಂಡಳು. "ಎಷ್ಟು ತಿರುಗಿಸ್ತಿದ್ರು, ತೋರ್ಸು."

ಅವನು ನಾಬನ್ನು ಮತ್ತೆ ಜೋಡಿಸಿ, ಅಂಗಡಿಯ ಪ್ಲೇಯರಿಗೆ ತಂತಿ ಕೊಟ್ಟು, ಅವಳು ತಂದ ರೆಕಾರ್ಡ್ ಹಾಕಿದ. ಕಂಬಳಿ ಹೊದ್ದ ದನಿಯೇ ಬಂತು. ನಾಬಿನ ಬಲತುದಿಯನ್ನು ಬೆರಳಿಟ್ಟು ತೋರಿಸಿದ. ಅಕ್ಕ ಭಾವನ ಹಾಗೆಯೇ ಬಗ್ಗಿ, ಎರಡು ಬೆರಳಲ್ಲಿ ನಾಬ್ ಹಿಡಿದು ಬಲಕ್ಕೆ ತಿರುಗಿಸಿದಳು. ಕರಕರ ಎಂದಿತು, ಆಮೇಲೆ ಹಾಡುವವಳ ದನಿ ತಿಳಿಯಾಗಿ ಎದ್ದು ಬಂತು. ಅಕ್ಕನ ಕಣ್ಣು ತುಂಬಿತು.

"ಆ ಸವೆದಿರೋದನ್ನಾದ್ರೂ ಬದಲಾಯಿಸ್ತೀನಿ," ಎಂದ ಕಿವಿಯಣ್ಣ.

"ಏನೂ ಮಾಡ್ಬೇಡ. ಹಾಗೇ ಮುಚ್ಚಿಕೊಡು. ಬೆಳಿಗ್ಗೆ ಒರೆಸಿ ನೆಟ್ಟಗಿಡ್ತೀನಿ. ಸಂಜೆ ನಾನೇ ಓರೆ ಮಾಡ್ತೀನಿ."