ಬರಿಗಾಲಿಗೆಂದು ಏರಿಸಿದ ಪೆಡಲು

ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವಳು ಮೈಂದರ್ಗಿಯ ಒಬ್ಬ ಕುರಿಗಾರ ಹೆಣ್ಣುಮಗಳು. ಕಾರಿನಲ್ಲಿದ್ದ ನನಗೂ ನನ್ನ ಕಾಕಾನಿಗೂ ಒಂದು ಗೀರೂ ಆಗಲಿಲ್ಲ. ತಪ್ಪು ಅವಳ ಕುರಿಗಳದೆಂದು ಠಾಣೆಯ ಕಾಗದ ಹೇಳುತ್ತಿದೆ.

ಕಾಕಾ ಸೋಲಾಪುರದ ಬಟ್ಟೆ ವ್ಯಾಪಾರಿ. ಅವರಲ್ಲಿ ಎರಡೇ ಸೀಟಿನ, ಮೇಲ್ಛಾವಣಿಯಿಲ್ಲದ, ಅವರಿಗಿಂತಲೂ ವಯಸ್ಸಾದ ಸ್ಪೋರ್ಟ್ಸ್ ಕಾರೊಂದಿದೆ. ಅಕ್ಕಲಕೋಟದ ಸ್ವಾಮಿಯ ದರ್ಶನಕ್ಕೆ ಬರಿಗಾಲಲ್ಲಿ ನಡೆದುಹೋಗುವುದು ಅವರ ಹರಕೆ. ಮಂಡಿನೋವು ಹೆಚ್ಚಿದ ಮೇಲೆ ಹರಕೆಯನ್ನು ಉಳಿಸಿಕೊಂಡು ನಡಿಗೆಯನ್ನಷ್ಟೇ ಬಿಟ್ಟರು. ಬರಿಗಾಲಲ್ಲೇ ಕಾರು ಓಡಿಸತೊಡಗಿದರು. ಮನೆಯವರೆಲ್ಲ ಅದನ್ನು ಭಕ್ತಿಯೆಂದು ಒಪ್ಪಿಕೊಂಡೆವು. ಅದು ಮೊದಲ ತಪ್ಪು.

ಬೂಟಿನ ಅಟ್ಟೆ ಇಲ್ಲದ ಕಾಲಿಗೆ ಪೆಡಲುಗಳು ದೂರವೆನಿಸಿದವು. ಬ್ರೇಕು, ಕ್ಲಚ್ಚು ಎರಡನ್ನೂ ಮೇಲೆತ್ತಿ, ಮುಟ್ಟಿದೊಡನೆ ಹಿಡಿಯುವಂತೆ ಮಾಡಲು ಕಾಕಾ ಗಾಡಿ ರಿಪೇರಿಯ ಮಿಸ್ತ್ರಿಗೆ ಹೇಳಿದರು. ಪೆಡಲಿನ ಹಿಂದಿನ ಕಡ್ಡಿಯ ನಟ್ಟು ತಿರುಗಿಸಿದರೆ ಪೆಡಲು ಏರುತ್ತದೆ. ಆದರೆ ಕಡ್ಡಿ ಬ್ರೇಕನ್ನು ಒತ್ತತೊಡಗುವ ಮುನ್ನ ತುಸು ಸಡಿಲ ಉಳಿಯಲೇಬೇಕು. ಮಿಸ್ತ್ರಿಗಳು ಅದನ್ನು ‘ಪ್ಲೇ’ ಎನ್ನುತ್ತಾರೆ.

“ಸಾವಕಾರ್ರ, ಕ್ಲಚ್ಚಿಗೆ ಪ್ಲೇ ಇರಲಿಲ್ಲಂದ್ರ ಪ್ಲೇಟ ಸುಡತೈತಿ, ಅಷ್ಟ. ಬ್ರೇಕಿಗೆ ಇರಲಿಲ್ಲಂದ್ರ ಕಾಲ ಎತ್ತಿದ್ರೂ ಅದು ಬಿಡೂದಿಲ್ರಿ. ಬೆಂಕಿಯಂಗ ಕಾಯ್ದು ಕಾಯ್ದು, ಆಮ್ಯಾಲ ಬೇಕಂದಾಗ ಹಿಡಿಯೂದಿಲ್ಲ.”

“ಮಿಸ್ತ್ರಿ, ಗಾಡಿ ನಂದೋ ನಿಂದೋ? ಒತ್ತೂ ಕಾಲು ನಂದು.”

“ಕಾಲ ನಿಮ್ದ ಖರೆರಿ. ಗಾಡಿ ಮುಂದ ಬರಾವ ಬ್ಯಾರೇವ ಇರ್ತಾನಲ್ರಿ.”

ಕಾಕಾ ನಕ್ಕರು. ಮಿಸ್ತ್ರಿ ಮತ್ತೆ ಕೆಳಗೆ ಬಗ್ಗಿ ನಟ್ಟು ತಿರುಗಿಸಿದ. ಹಕ್ಕುಗಳ ಕುರಿತು ಊರೂರು ತಿರುಗಿ ಮಾತಾಡುವ ನಾನು ಪಕ್ಕದಲ್ಲೇ ನಿಂತು ಬಾಯಿ ಬಿಡಲಿಲ್ಲ.

ನಾವಿಬ್ಬರೂ ಅಕ್ಕಲಕೋಟಕ್ಕೆ ಹೊರಟಾಗಿನಿಂದಲೇ ಗಾಡಿಯನ್ನು ಯಾರೋ ಹಿಂದಿನಿಂದ ಹಿಡಿದಿದ್ದಂತಿತ್ತು. ಇಳಿಜಾರಿನಲ್ಲೂ ಅದು ತಾನಾಗಿ ಉರುಳಲಿಲ್ಲ. ದಾರಿಯಲ್ಲಿ ವಳಸಂಗದಲ್ಲಿ ಚಹಾಕ್ಕೆ ನಿಂತಾಗ ಸುಟ್ಟ ವಾಸನೆ ಬಂತು. ಮುಂದಿನ ಗಾಲಿಯ ಬಳಿ ಕೈ ಒಯ್ದರೆ ಒಲೆಯ ಬಾಯಿಗೆ ಹಿಡಿದಂತಾಯಿತು.

“ಕಾಕಾ, ಗಾಡಿ ಆರೂತನಾ ಇಲ್ಲೇ ನಿಲ್ಲೂಣ್ರಿ.”

“ವಾಸನಿ ಮ್ಯಾಲೂ ಮೋರ್ಚಾ ತಗೀತಿಯೇನವಾ? ಹತ್ತು, ದರ್ಶನಕ್ಕ ಹೊತ್ತಾಗತೈತಿ.”

ನಾನು ಹತ್ತಿದೆ.

ಅಕ್ಕಲಕೋಟ ಎದುರಿಗೆ ಕಾಣತೊಡಗಿತ್ತು. ಕುರಿಹಿಂಡು ಆಗಲೇ ರಸ್ತೆ ದಾಟಿತ್ತು. ಕೊನೆಯ ಕುರಿಯ ಹಿಂದೆ ಆಕೆ ದಾಟುತ್ತಿದ್ದಳು. ನಿಲ್ಲಿಸಲು ಸಾಕಷ್ಟು ದೂರವಿತ್ತು. ಕಾಕಾ ಒತ್ತಿದರು. ಪೆಡಲು ಮೆತ್ತಗೆ ನೆಲ ಮುಟ್ಟಿತು. ಮತ್ತೆ ಮತ್ತೆ ಒತ್ತಿದರು. ಆಕೆ ನಮ್ಮತ್ತ ತಿರುಗಿ ನೋಡಿದಳು.

ಕುರಿಗಳು ಏಕಾಏಕಿ ಅಡ್ಡ ಬಂದವೆಂದು ಕಾಕಾ ಠಾಣೆಯಲ್ಲಿ ಬರೆಸಿದರು. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಮಾಡಿದೆ. ನಾನು ಮಾಡಿದ ತಪ್ಪುಗಳಲ್ಲೆಲ್ಲ ಅತಿ ದೊಡ್ಡದು ಅದೇ.

ಮರಾಠಿಯಲ್ಲಿದ್ದ ಆ ಕಾಗದವನ್ನು ಆಸ್ಪತ್ರೆಯಲ್ಲಿ ಅವಳಿಗೆ ಕನ್ನಡದಲ್ಲಿ ಹೇಳಿದವಳೂ ನಾನೇ. ಅವಳು ಸಿಟ್ಟಾಗಲಿಲ್ಲ.

“ಅಕ್ಕಾರ, ಕುರಿ ದಾಟಿ ಮುಗದಿದ್ವು. ಮತ್ತ ಅಡ್ಡ ಹ್ಯಾಂಗ ಬರ್ತಾವ್ರಿ? ಅವು ಮಾತಾಡೂದಿಲ್ಲಂತ ಅವುಗಳ ಮ್ಯಾಲ ಹಾಕ್ಯಾರೇನು?”

ಸಾರಿಗೆ ಇಲಾಖೆಯ ಇನ್‌ಸ್ಪೆಕ್ಟರರು ಗಾಡಿಯನ್ನು ಇನ್ನೂ ಪರೀಕ್ಷಿಸಿಲ್ಲ; ಅದು ಕಾಕಾನ ಶೆಡ್ಡಿನಲ್ಲೇ ನಿಂತಿದೆ. ನಿನ್ನೆ ಕಾಕಾ ಮತ್ತೆ ಮಿಸ್ತ್ರಿಯನ್ನು ಕರೆಸಿದ್ದರು, ಪೆಡಲುಗಳನ್ನು ಮೊದಲಿನಂತೆ ಇಳಿಸಿಬಿಡಲು. ಮಿಸ್ತ್ರಿ ಬರಲಿಲ್ಲ. ಅವನಲ್ಲದಿದ್ದರೆ ಇನ್ನೊಬ್ಬ ಸಿಗುತ್ತಾನೆ; ಅದು ಐದು ನಿಮಿಷದ ಕೆಲಸ.

ಆದ್ದರಿಂದ ಕಾಕಾ, ನಿಮ್ಮನ್ನೇ ಕೇಳುತ್ತಿದ್ದೇನೆ. ಆ ನಟ್ಟನ್ನು ಯಾರೂ ಮುಟ್ಟಕೂಡದು. ಇನ್‌ಸ್ಪೆಕ್ಟರರು ಬಂದು ಅಳೆಯುವವರೆಗೆ ಶೆಡ್ಡಿನ ಕೀಲಿಯನ್ನು ನನಗೆ ಕೊಡಿ. ಸೋಮವಾರ ಠಾಣೆಗೆ ಬಂದು ನಿಮ್ಮ ಹೇಳಿಕೆಯನ್ನು ಹಿಂಪಡೆಯಿರಿ. ಪೆಡಲು ಏರಿಸೆಂದವರು ನೀವು, ಬೇಡವೆಂದವನು ಮಿಸ್ತ್ರಿ, ಕುರಿಗಳು ದಾಟಿದ್ದವು ಎಂದು ಬರೆಸಿರಿ. ನೀವು ಬಂದರೂ ಬರದಿದ್ದರೂ ನನ್ನ ಸಹಿಯನ್ನು ನಾನು ಅಂದೇ ಹಿಂಪಡೆಯುತ್ತೇನೆ.